ಒಲೆ ಬೇಡದ ಅಡುಗೆ

ಬರ್ಮಾದಲ್ಲಿ ಬಾಂಬು ಬಿದ್ದ ಮೇಲೆ ಆದಿನಾರಾಯಣನ ಬಲಗೈಯಲ್ಲಿ ಹೆಬ್ಬೆರಳು ಮತ್ತು ತೋರುಬೆರಳು ಮಾತ್ರ ಉಳಿದಿದ್ದವು. ಅವನು ಗೋರಾ ಪಲ್ಟನ್ನಿನ ಮೆಸ್ಸಿನಲ್ಲಿ ಅಡುಗೆಯವನಾಗಿದ್ದ. ಯುದ್ಧ ಮುಗಿದು ಹಲಸೂರಿಗೆ ಬಂದವನು ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಯಾರಾದರೂ ಬಂದರೆ ಬಲಗೈಯನ್ನು ಹೊದಿಕೆಯೊಳಗೆ ಎಳೆದುಕೊಳ್ಳುತ್ತಿದ್ದ.

ಒಂದು ಶುಕ್ರವಾರ ಮೆಸ್ಸಿನ ಹಳೆಯ ಗೆಳೆಯ ಅಸ್ಗರ್ ಬಂದ.

"ಕೆರೆ ಪಕ್ಕದ ಬಂಗಲೆ ದೊರೆಸಾನಿಗೆ ಕುಕ್ ಬೇಕಂತೆ ಭಾಯ್. ನಿನ್ನ ಹೆಸರು ಹೇಳ್ಬಿಟ್ಟಿದೀನಿ, ಕೈ ವಿಷಯಾನೂ ಹೇಳಿದೀನಿ. ಭಾನುವಾರ ಮೀನು, ಅದರ ಜೊತೆ ಹಸಿರು ಮಯೊನೇಸ್ ಮಾಡಿ ತೋರಿಸ್ಬೇಕು."

"ಮೀನು ಬೇಯಿಸ್ತೀನಿ. ಮಯೊನೇಸ್ ಆಗಲ್ಲ. ಮೊಟ್ಟೆ ಹಳದಿಗೆ ಒಂದು ಕೈ ಎಣ್ಣೆ ಬಿಡ್ತಾ ಇರ್ಬೇಕು, ಇನ್ನೊಂದು ಕೈ ಕಡೀತಾ ಇರ್ಬೇಕು. ನನಗಿರೋದು ಒಂದೇ. ಹೋಗು."

ಅಸ್ಗರ್ ಹೋದ. ಹೆಂಡತಿ ಅಂಜಿನಮ್ಮ ಜಗಲಿಯ ಮೂಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಆ ಬೆಳಿಗ್ಗೆ ಮುಟ್ಟಾಗಿದ್ದಳು. ಮೂರು ದಿನ ಒಳಗೆ ಬರುವಂತಿರಲಿಲ್ಲ.

"ಇನ್ನೊಂದು ಕೈ ನಂದು ತಗೊಳ್ರೀ," ಎಂದು ಅಲ್ಲಿಂದಲೇ ಕೂಗಿದಳು.

"ನೀನು ಸುಮ್ನೆ ಕೂತ್ಕೊಳೇ," ಎಂದಳು ಅತ್ತೆ ಗೋವಿಂದಮ್ಮ. "ಇಡೀ ಕೇರಿಗೆ ಉಪ್ಪಿನಕಾಯಿ ಹಾಕ್ಕೊಡೋಳು ನಾನು. ಇದೇನು ಮಹಾ?"

ಗೋವಿಂದಮ್ಮ ಉಪ್ಪಿನಕಾಯಿಯ ಕ್ರಮದಲ್ಲೇ ಶುರುಮಾಡಿದಳು. ಮಗನಿಗೆ ಹೇಳದೆ ಕಡಲೆಕಾಯಿ ಎಣ್ಣೆಯನ್ನು ಹೊಗೆಯಾಡುವವರೆಗೆ ಕಾಯಿಸಿದಳು. ಅದು ಪೂರ್ತಿ ಆರುವ ಮೊದಲೇ ಹಳದಿಗೆ ಸುರಿದು ಕಡೆದಳು. ಹಳದಿ ಗಂಟುಗಂಟಾಯಿತು, ಎಣ್ಣೆ ಮೇಲೆ ತೇಲಿತು.

"ಒಡೆದೋಯ್ತಲ್ಲೋ! ಎಲ್ಲ ಅವಳ ನೆರಳು ಬಿದ್ದಿದ್ದಕ್ಕೇ. ಮುಟ್ಟಾದೋಳು ಇಣುಕಿದ್ರೆ ಉಪ್ಪಿನಕಾಯಿ ಜಾಡಿಗೇ ಬೂಷ್ಟು ಹಿಡಿಯುತ್ತೆ."

ಅಂಜಿನಮ್ಮ ತಲೆ ತಗ್ಗಿಸಿದಳು. ಆದಿನಾರಾಯಣ ಎದ್ದು ಬಂದು ಬಟ್ಟಲು ಮುಟ್ಟಿ ನೋಡಿದ. ಬೆಚ್ಚಗಿತ್ತು.

"ಎಣ್ಣೆ ಕಾಯಿಸಿದ್ಯಾ?"

"ಮತ್ತೆ? ಹಸೀದು ಹಾಕ್ತಾರಾ?"

"ಹಸೀದೇ ಹಾಕೋದಮ್ಮ. ಇದಕ್ಕೆ ಒಲೆನೇ ಬೇಡ."

ಹೇಳಿದವನು ಜಗಲಿಯ ಕಡೆ ತಿರುಗಿ ನೋಡಿದ. ಆಮೇಲೆ ಮೊಟ್ಟೆ, ಬಟ್ಟಲು, ಫೋರ್ಕು, ಎಣ್ಣೆ ಎಲ್ಲವನ್ನೂ ಮೊರದಲ್ಲಿಟ್ಟು ಎದೆಗವಚಿಕೊಂಡು ಜಗಲಿಗೆ ನಡೆದ. ಊರಿಗೆ ಬಂದ ಮೇಲೆ ಹಗಲು ಹೊತ್ತಿನಲ್ಲಿ ಅವನು ಬೀದಿಗೆ ಕಾಣಿಸಿಕೊಂಡದ್ದು ಅದೇ ಮೊದಲು.

"ಅಡುಗೆಮನೆ ಸಾಮಾನು ಕಣೋ! ಅವಳ ಕೈಗೆ ಕೊಡ್ತೀಯಾ?"

"ಒಲೆ ಮೇಲೆ ಏರದ್ದು ಅಡುಗೆನೇ ಅಲ್ಲ. ನೀನು ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ನುಣ್ಣಗೆ ಅರ್ದು ಕೊಡು."

ಅಂಜಿನಮ್ಮ ಬಟ್ಟಲನ್ನು ಮಂಡಿಗಳ ನಡುವೆ ಇಟ್ಟುಕೊಂಡಳು. ಅವನು ಎಡಗೈಯಿಂದ ಎಣ್ಣೆಯನ್ನು ತೊಟ್ಟುತೊಟ್ಟಾಗಿ ಬಿಟ್ಟ. ಅವಳು ಫೋರ್ಕನ್ನು ಮಜ್ಜಿಗೆ ಕಡೆದಂತೆ ಹಿಂದಕ್ಕೂ ಮುಂದಕ್ಕೂ ಆಡಿಸಿದಳು.

"ಹಾಗಲ್ಲ. ಸುತ್ತಬೇಕು."

"ಹೇಗೆ?"

ಅವನು ಎಣ್ಣೆಯ ಲೋಟ ಕೆಳಗಿಟ್ಟ. ಬಲಗೈ ಚಾಚಿ, ಉಳಿದ ಎರಡು ಬೆರಳುಗಳಲ್ಲಿ ಅವಳ ಮಣಿಕಟ್ಟು ಹಿಡಿದು ಸುತ್ತಿಸಿದ. ಅವಳು ಆ ಬೆರಳುಗಳನ್ನೇ ನೋಡಿದಳು. ಅವನು ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ.

"ಮುಟ್ಟೇಬಿಟ್ಯಾ?" ಬಾಗಿಲಲ್ಲಿ ಗೋವಿಂದಮ್ಮ ಹಣೆ ಚಚ್ಚಿಕೊಂಡಳು. "ತಲೆಗೆ ನೀರು ಹಾಕ್ಕೊಳ್ದೆ ಒಳಗೆ ಬರ್ಬೇಡ."

"ಒಳ್ಳೇದಾಯ್ತು ಬಿಡಿ ಅತ್ತೆ," ಎಂದಳು ಅಂಜಿನಮ್ಮ. "ಸ್ನಾನ ಮಾಡಿ ವಾರ ಆಯ್ತು ಇವ್ರು."

ಗೋವಿಂದಮ್ಮ ನಗು ಕಾಣದಿರಲೆಂದು ಸೆರಗು ಅಡ್ಡ ಹಿಡಿದಳು.

ಬಟ್ಟಲಿನಲ್ಲಿದ್ದದ್ದು ಬೆಳ್ಳಗಾಗುತ್ತ ಬೆಣ್ಣೆಯಂತೆ ಗಟ್ಟಿಯಾಯಿತು. ಉಪ್ಪು, ನಿಂಬೆರಸ, ಅರೆದ ಹಸಿರು ಬೆರೆಸಿದರು. ಆದಿನಾರಾಯಣ ನೆಕ್ಕಿ ನೋಡಿ, ಇನ್ನಷ್ಟು ಉಪ್ಪು ಕೇಳಿದ. ಗೋವಿಂದಮ್ಮ ದೂರದಿಂದಲೇ ಅಂಗೈ ಚಾಚಿದಳು.

"ಮುದ್ದೆಗೆ ಆಗಲ್ಲ," ಎಂದಳು ಚಪ್ಪರಿಸುತ್ತ. "ರೊಟ್ಟಿಗಾಗುತ್ತೆ."

"ಭಾನುವಾರ ಇವಳೂ ಬರ್ಬೇಕಮ್ಮ. ಇವಳಿಲ್ದೆ ಆಗಲ್ಲ."

"ಅವತ್ತು ಮೂರನೇ ದಿನ ಕಣೋ."

ಗೋವಿಂದಮ್ಮ ಅಂಗೈ ಇನ್ನೊಮ್ಮೆ ನೆಕ್ಕಿದಳು.

"ದೊರೆಸಾನಿ ಮನೇಲಿ ಯಾವ ದೇವ್ರು ಕೂತಿದಾನೆ? ಕರ್ಕೊಂಡ್ಹೋಗು."

"ನನ್ನ ಮೆಸ್ಸಿನ ಬಿಳಿ ಕೋಟು ಎಲ್ಲಿಟ್ಟಿದೀಯಮ್ಮ?"

ಮಗ ಇನ್ನು ಕೆಲಸಕ್ಕೆ ಹೋಗುವವನಲ್ಲವೆಂದು ಗೋವಿಂದಮ್ಮ ಅದನ್ನು ಅವನ ದಿಂಬಿನೊಳಗೆ ತುಂಬಿ ಹೊಲಿದುಬಿಟ್ಟಿದ್ದಳು. ಈಗ ಒಳಗೆ ಹೋಗಿ ಅವನ ಹಾಸಿಗೆಯ ಮೇಲೆ ಕೂತು, ದಿಂಬಿನ ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಬಿಚ್ಚತೊಡಗಿದಳು.