ಸೀಮೆಕರು ರೈಲು ಹತ್ತಿದ್ದು

ಬೆಳಗಿನ ಗಾಡಿ ಹಿಡಿಯುವವರ ಮಕ್ಕಳು ತಾಯಿಯ ಮುಖಕ್ಕಿಂತ ಬೆನ್ನನ್ನೇ ಹೆಚ್ಚು ನೋಡಿರುತ್ತಾರೆ. ಮುನಿಲಕ್ಷ್ಮಿಯ ಮಗಳು ಕಲ್ಪನಳ ಪಾಡೂ ಅದೇ ಆಗಿತ್ತು. ಬೂದಿಕೋಟೆಯ ಪಕ್ಕದ ಹಳ್ಳಿ ಅವರದು. ಮಗಳಿಗೆ ಎಚ್ಚರವಾಗುವ ಮೊದಲೇ ಮುನಿಲಕ್ಷ್ಮಿ ಗಂಡನ ಬೈಕಿನ ಹಿಂದೆ ಕೂತು ಬಂಗಾರಪೇಟೆ ಸ್ಟೇಷನ್ನು ಸೇರಿರುತ್ತಿದ್ದಳು. ಗಂಡ ನರೇಶ್ ಅವಳನ್ನು ಇಳಿಸಿ ಗಾರೆ ಕೆಲಸಕ್ಕೆ ಹೋಗುವನು. ಅವಳು ಮಾರಿಕುಪ್ಪಂನಿಂದ ಬರುವ ಗಾಡಿ ಹತ್ತಿ ವೈಟ್‌ಫೀಲ್ಡಿನ ಕಂಪನಿಗೆ ಹೋಗುವಳು. ವಾಪಸು ಬರುವಷ್ಟರಲ್ಲಿ ಊರಿಗೆ ಊರೇ ದೀಪ ಹಾಕಿರುತ್ತಿತ್ತು. ಹಸುಗಳಿಗೆ ಹುಲ್ಲು ಹಾಕುವುದು, ಡೇರಿಗೆ ಹಾಲು ಕೊಟ್ಟು ಬರುವುದು, ಮೊಮ್ಮಗಳಿಗೆ ಜಡೆ ಹೆಣೆಯುವುದು ಎಲ್ಲ ಅತ್ತೆ ಮುನಿಗಂಗಮ್ಮನ ಪಾಲಿಗೆ ಬಿದ್ದಿತ್ತು.

ಚಿಕ್ಕವಳಿದ್ದಾಗ ಕಲ್ಪನ ಅಮ್ಮ ಬಂದ ಕೂಡಲೇ ಓಡಿಬಂದು ಊಟದ ಡಬ್ಬಿಯಲ್ಲಿ ಏನಾದರೂ ಉಳಿದಿದೆಯಾ ಎಂದು ತೆಗೆದು ನೋಡುತ್ತಿದ್ದಳು. ಆರನೇ ಕ್ಲಾಸಿಗೆ ಬಂದಮೇಲೆ ಅದು ನಿಂತಿತು. ಮಾತೂ ಕಮ್ಮಿಯಾಯಿತು. "ಸ್ಕೂಲಲ್ಲಿ ಏನ್ ಮಾಡುದ್ರು ಪಾಪಾ?" ಎಂದರೆ "ಏನಿಲ್ಲ". "ಉಂಡಾ?" ಎಂದರೆ "ಊಂ". ಇವಳಿಗೆ ನನ್ನ ಮೇಲೆ ಕೋಪವೋ, ಇಲ್ಲಾ ನಾನಿಲ್ಲದೆ ಅಭ್ಯಾಸವಾಗಿಹೋಗಿದೆಯೋ ಎಂದು ಮುನಿಲಕ್ಷ್ಮಿ ಯೋಚಿಸುತ್ತಿದ್ದಳು. ಕೋಪವಾದರೆ ವಾಸಿ ಅನ್ನಿಸುತ್ತಿತ್ತು.

ಒಂದು ಸಂಜೆ ಅವಳು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗ ಒಳಗೆ ಮಗಳ ಮಾತು ಸುರಿಯುತ್ತಿತ್ತು. ಅಪ್ಪನ ಫೋನು ಹಿಡಿದುಕೊಂಡು ಅಜ್ಜಿಗೆ ಏನನ್ನೋ ತೋರಿಸುತ್ತಿದ್ದಳು. ಅವರ ಸ್ಕೂಲಿನ ಗಿರಿ ಮೇಷ್ಟ್ರು ಮಕ್ಕಳಿಗೆ 'ಗೀಚು' ಎಂಬುದನ್ನು ಕಲಿಸುತ್ತಿದ್ದರು. ಚಿತ್ರ ಬರೆದು, ಅದಕ್ಕೆ ನಡಿಗೆ ಕೊಟ್ಟು, ಮಾತು ಕೊಟ್ಟು ನಮ್ಮದೇ ಕಾರ್ಟೂನು ಮಾಡುವ ಆಟ ಅದು. ಹೋದ ವರ್ಷದವರೆಗೆ ಅದು ಸ್ಕೂಲಿನ ಕಂಪ್ಯೂಟರಿನಲ್ಲಿ ಮಾತ್ರ, ಅದೂ ಇಂಗ್ಲಿಷಿನಲ್ಲಿ ಬರುತ್ತಿತ್ತು. ಮಕ್ಕಳು ಬಣ್ಣ ನೋಡಿಕೊಂಡು ಗುರುತು ಹಿಡಿಯುತ್ತಿದ್ದರು. ಈ ಸಲ ಹೊಸ ಗೀಚು ಬಂದಿತ್ತು. ನಡೆ, ನಿಲ್ಲು, ಹಾರು, ಮಾತಾಡು ಎಲ್ಲವೂ ಕನ್ನಡದಲ್ಲಿ. ಫೋನಿನಲ್ಲೂ ನಡೆಯುತ್ತಿತ್ತು. ನಮ್ಮ ದನಿಯನ್ನೇ ಹಿಡಿದು ಗೊಂಬೆಯ ಬಾಯಿಗೆ ಹಾಕಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಇಬ್ಬರು ಬೇರೆ ಬೇರೆ ಕಡೆ ಕೂತು ಒಂದೇ ಕಥೆ ಮಾಡಬಹುದಿತ್ತು. ಅದಕ್ಕೇ ಮೇಷ್ಟ್ರು ಮನೆಯವರೊಬ್ಬರ ಜೊತೆ ಸೇರಿ ಕಥೆ ಮಾಡಿಕೊಂಡು ಬನ್ನಿ, ತಿಂಗಳ ಕೊನೆಯ ಶನಿವಾರ ಎಲ್ಲರಿಗೂ ತೋರಿಸೋಣ ಎಂದಿದ್ದರು.

"ನಂಗೆ ಆ ಪೋನು ಮುಟ್ಟಿದ್ರೇ ಕೈ ನಡುಗ್ತದೆ ತಾಯಿ. ನಿಮ್ಮಮ್ಮನ ಜೊತೆ ಮಾಡು," ಎಂದಳು ಮುನಿಗಂಗಮ್ಮ.

"ಅಮ್ಮ ಎಲ್ಲಿರ್ತಾಳೆ ಅಜ್ಜಿ?"

ಕಲ್ಪನ ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಡಬ್ಬಿಯಲ್ಲಿ ಉಪ್ಪು ಮುಗಿದಿದೆ ಎನ್ನುವ ಹಾಗೆ ಹೇಳಿದಳು. ಮುನಿಲಕ್ಷ್ಮಿಗೆ ಅದೇ ಹೆಚ್ಚು ನಾಟಿತು.

"ನಾನು ರೈಲಲ್ಲಿರ್ತೀನಿ," ಎನ್ನುತ್ತ ಒಳಗೆ ಬಂದಳು. "ರೈಲಲ್ಲೇ ಕೂತ್ಕೊಂಡು ಮಾಡ್ತೀನಿ. ಎಂಗೆ ಅಂತ ಏಳ್ಕೊಡು."

ಮಗಳು ಅನುಮಾನದಿಂದ ಅವಳನ್ನು ನೋಡಿದಳು. ಆದರೂ ಅಮ್ಮನ ಫೋನಿಗೆ ಗೀಚು ಹಾಕಿಕೊಟ್ಟು, ತನ್ನ ಕಥೆಯೊಳಗೆ ಸೇರಿಸಿಕೊಂಡಳು.

ಮಾರನೆಯ ಬೆಳಿಗ್ಗೆ ರೈಲಿನಲ್ಲಿ ಮುನಿಲಕ್ಷ್ಮಿಯ ಪಕ್ಕ ಕಲಾ ಕೂತಿದ್ದಳು. ಕಲಾ ಚಿನ್ನದ ಗಣಿಯ ಊರು ರಾಬರ್ಟ್‌ಸನ್‌ಪೇಟೆಯವಳು, ಅದೇ ಕಂಪನಿಯಲ್ಲಿ ಕೆಲಸ. ಮನೆಮಾತು ತಮಿಳು, ಬಾಯಲ್ಲಿ ಕನ್ನಡ, ತೆಲುಗು ಕೂಡ. ಇಬ್ಬರೂ ತಲೆ ಕೂಡಿಸಿ ಕಥೆ ನೋಡಿದರು. ಮೊದಲ ಪುಟದಲ್ಲಿ ಕೊಟ್ಟಿಗೆ. ಗೂಟಕ್ಕೆ ಕಟ್ಟಿದ ಸೀಮೆಕರು ಕತ್ತು ಎತ್ತಿ, ಕಲ್ಪನಳ ದನಿಯಲ್ಲೇ, "ನಾನೂ ರೈಲು ಹತ್ತಬೇಕು" ಎನ್ನುತ್ತದೆ. ಎರಡನೆಯ ಪುಟದಲ್ಲಿ ಅದು ಹಗ್ಗ ಕಿತ್ತುಕೊಂಡು ರಾಗಿ ಹೊಲದ ಬದುವಿನ ಮೇಲೆ ಓಡುತ್ತದೆ. ತೆನೆಗಳು ಒಂದೊಂದಾಗಿ ಬಾಗಿ ದಾರಿ ಬಿಡುತ್ತವೆ. ಮೂರನೆಯದು ಖಾಲಿ. ಅದರ ಮೇಲೆ 'ಅಮ್ಮನ ಪಾಲು' ಎಂದು ಬರೆದಿತ್ತು.

ಮುನಿಲಕ್ಷ್ಮಿ ಹೆದರಿಕೊಂಡೇ ಅಲ್ಲಿ ಇಲ್ಲಿ ಒತ್ತಿದಳು. ಟೇಕಲ್ ದಾಟಿದಾಗ ಯಾರದೋ ಮೊಣಕೈ ತಾಗಿತು. ಬೆರಳು ಎಲ್ಲೋ ಬಿತ್ತು. ರಾಗಿ ಹೊಲ ಮಾಯವಾಯಿತು. ನೆಟ್‌ವರ್ಕ್ ಇಲ್ಲದ್ದರಿಂದ ಕಾಣುತ್ತಿಲ್ಲ, ಆಮೇಲೆ ಬರುತ್ತದೆ ಎಂದುಕೊಂಡು ಫೋನನ್ನು ಚೀಲಕ್ಕೆ ಹಾಕಿದಳು.

ಅದು ಬರಲಿಲ್ಲ. ಮಾಲೂರಿನಲ್ಲಿ ಸಿಗ್ನಲ್ ಸಿಕ್ಕ ಕೂಡಲೇ ಮಗಳ ಕಡೆಯಿಂದಲೂ ಅಳಿಸಿಹೋಗಿತ್ತು. ಸಂಜೆ ಮನೆಗೆ ಬಂದಾಗ ಕಲ್ಪನಳ ಕಣ್ಣು ಕೆಂಪಗಿತ್ತು.

"ಒಂದೊಂದು ತೆನೇನೂ ಬೇರೆ ಬೇರೆ ಬರ್ದಿದ್ದೆ. ನೀನು ಇನ್ನು ಮುಟ್ಬೇಡ ಬಿಡಮ್ಮ," ಎಂದು ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು.

"ಓಗ್ಲಿ ಬಿಡೇ, ಇನ್ನೊಂದು ಮಾಡ್ತಾಳೆ," ಎಂದ ನರೇಶ್. ಮುನಿಲಕ್ಷ್ಮಿ ತಟ್ಟೆ ಪಕ್ಕಕ್ಕೆ ಸರಿಸಿದಳು. ವರ್ಷಗಳ ಮೇಲೆ ಮಗಳು ಒಂದು ಜಾಗ ಕೊಟ್ಟಿದ್ದಳು. ಹೋದ ಮೊದಲ ದಿನವೇ ಅಲ್ಲಿ ಎಲ್ಲ ಹಾಳುಮಾಡಿ ಬಂದಂತಾಯಿತು.

ಮರುದಿನ ಅವಳ ಮುಖ ನೋಡಿದ್ದೇ ಕಲಾ, "ಎನ್ನ ಆಚ್ಚು ಅಕ್ಕಾ, ಏನಾಯ್ತು? ಮುಖ ಯಾಕೆ ಇಂಗೈತೆ?" ಎಂದು ಕೇಳಿದಳು. ಎಲ್ಲ ಕೇಳಿಸಿಕೊಂಡು, "ಕೊಡು ಇಲ್ಲಿ. ಇಷ್ಟೆಲ್ಲ ಮಾಡಿರೋರು ಇದ್ಕೊಂದು ದಾರಿ ಮಾಡಿರಲ್ವಾ?" ಎಂದಳು.

ಗೀಚಿನಲ್ಲೇ ಒಂದು ಮೂಲೆಯಲ್ಲಿ 'ಕಲಿಯೋಣ' ಎಂದಿತ್ತು. ಅದರೊಳಗೆ ಪುಟ್ಟ ಪುಟ್ಟ ಪಾಠಗಳು, ಯಾರೋ ಹೆಣ್ಣುಮಗಳೊಬ್ಬಳು ಕನ್ನಡದಲ್ಲಿ ನಿಧಾನವಾಗಿ ಹೇಳಿಕೊಡುವ ವಿಡಿಯೋಗಳು. ಇಬ್ಬರೂ ಕೆಳಗೆ ಕೆಳಗೆ ಹೋಗುತ್ತ ಹುಡುಕಿದರು. 'ಅಳಿಸಿಹೋಯಿತೆ? ಹೆದರಬೇಡಿ' ಎಂಬುದು ಕಂಡಾಗ ಮುನಿಲಕ್ಷ್ಮಿಗೆ ಅದನ್ನು ತನಗೋಸ್ಕರವೇ ಮಾಡಿಟ್ಟಿದ್ದಾರೆ ಅನ್ನಿಸಿತು. ಹೊಸ ಗೀಚು ನಾವು ಮಾಡಿದ್ದನ್ನೆಲ್ಲ ಬೇರೆಯಾಗಿ ತೆಗೆದಿಟ್ಟುಕೊಂಡಿರುತ್ತದಂತೆ. ಗಡಿಯಾರದ ಗುರುತು ಒತ್ತಿ ಹಿಂದಕ್ಕೆ ಹೋದರೆ ಬೇಕಾದ ಪುಟ ಸಿಗುತ್ತದಂತೆ. ಗಾಡಿ ಮಾಲೂರಿಗೆ ಬರಲಿ ಎಂದು ಕಾದು, ಅವಳು ಗಡಿಯಾರ ಒತ್ತಿದಳು. ಬಿಳಿ ಪುಟದ ಮೇಲೆ ಮೊದಲು ಬದು ಮೂಡಿತು, ಆಮೇಲೆ ತೆನೆ, ಕೊನೆಗೆ ಬಾಲ ಎತ್ತಿಕೊಂಡು ಓಡುವ ಕರು.

"ವಂದಾಚ್ಚು! ಬಂತು ನೋಡಕ್ಕಾ, ಬಂತು!" ಎಂದು ಕಲಾ ಕೂಗಿದ್ದಕ್ಕೆ ಇಡೀ ಬೋಗಿಯ ಹೆಂಗಸರು ತಿರುಗಿ ನೋಡಿದರು. ಮುನಿಲಕ್ಷ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

 ಆ ಸಂಜೆ ಮನೆಯಲ್ಲಿ ಕಲ್ಪನ ಅಮ್ಮನ ತಟ್ಟೆಗೆ ತಾನೇ ಸಾರು ಬಡಿಸಿದಳು.

ಅಲ್ಲಿಂದ ಮುಂದೆ ಮುನಿಲಕ್ಷ್ಮಿ ಬಿಡಲಿಲ್ಲ. ಹೋಗುವಾಗ ಒಂದು ಪಾಠ ನೋಡಿದರೆ ಬರುವಾಗ ಅದನ್ನು ಮಾಡಿ ನೋಡುವಳು. ಕಂಪನಿಯಲ್ಲಿ ಫೋನನ್ನು ಬೀರುವಿನೊಳಗಿಟ್ಟು ಬೀಗ ಹಾಕಿಸುತ್ತಿದ್ದುದರಿಂದ ರೈಲಿನ ಹೊತ್ತೇ ಅವಳ ಹೊತ್ತು. ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟಿದ್ದರೂ ಹುಡುಗಿಯಾಗಿದ್ದಾಗ ಅವಳು ಹಾಕುತ್ತಿದ್ದ ರಂಗೋಲಿ ನೋಡಲು ಪಕ್ಕದ ಬೀದಿಯವರೂ ಬರುತ್ತಿದ್ದರು. ಆ ಬೆರಳಿಗೆ ಗಾಜಿನ ಮೇಲೂ ಗೆರೆ ಎಳೆಯುವುದು ಬೇಗ ಹಿಡಿಯಿತು. ತನ್ನ ಪಾಲಿನ ಪುಟದಲ್ಲಿ ಅವಳು ರೈಲಿನ ಒಳಗನ್ನೇ ಬರೆದಳು: ನೇತಾಡುವ ಹಿಡಿಗಳು, ಕಿಟಕಿ, ಒಬ್ಬರ ಹೆಗಲ ಮೇಲೊಬ್ಬರು ತೂಕಡಿಸುವ ಹೆಂಗಸರು, ಅವರ ನಡುವೆ ನಿಂತ ಕರು. "ನನ್ನ ಹೂವಿನ ಬುಟ್ಟೀನೂ ಬರಿಯಮ್ಮ," ಎಂದು ಒಬ್ಬಳು, "ನನ್ನ ಸೀರೆ ಬಣ್ಣ ಅದಲ್ಲ ಕಣೇ," ಎಂದು ಇನ್ನೊಬ್ಬಳು. ಕಡಲೇಕಾಯಿ ಮಾರುವವನ ಕೂಗು, ಸೇತುವೆ ಮೇಲೆ ಹೋಗುವಾಗ ಬದಲಾಗುವ ಗಾಲಿಯ ಸದ್ದು, ಎಲ್ಲವನ್ನೂ ಅವಳು ಹಿಡಿದು ಪುಟಕ್ಕೆ ಸೇರಿಸಿದಳು.

ಒಂದು ಸಂಜೆ ಎಕ್ಸ್‌ಪ್ರೆಸ್‌ಗೆ ದಾರಿ ಬಿಡಲೆಂದು ಗಾಡಿಯನ್ನು ಮಾಲೂರಿನಲ್ಲೇ ನಿಲ್ಲಿಸಿದರು. ಎಲ್ಲರೂ ಬೈದುಕೊಂಡು ಕೂತಿದ್ದರು. ಮುನಿಲಕ್ಷ್ಮಿ ಗೀಚು ತೆರೆದಳು. ರಾಗಿ ಹೊಲದಲ್ಲಿ ಹಳದಿ ಬಣ್ಣದ ಒಂದು ಚುಕ್ಕೆ ಓಡಾಡುತ್ತಿತ್ತು. ಅದರ ಕೆಳಗೆ 'ಕಲ್ಪನ' ಎಂದು ಬರೆದಿತ್ತು.  ಮಗಳು ಈಗ, ಇದೇ ಗಳಿಗೆಯಲ್ಲಿ, ಅಪ್ಪನ ಫೋನು ಹಿಡಿದು ಇದರೊಳಗೆ ಇದ್ದಾಳೆ. ಮುನಿಲಕ್ಷ್ಮಿಯ ಕೆಂಪು ಚುಕ್ಕೆ ಅವಳಿಗೂ ಕಂಡಿರಬೇಕು. ಹಳದಿ ಚುಕ್ಕೆ ಹೊಲ ಬಿಟ್ಟು ರೈಲಿನ ಪುಟಕ್ಕೆ ಬಂತು. ತೂಕಡಿಸುವ ಹೆಂಗಸರ ಮೇಲೆ ನಿಧಾನವಾಗಿ ಸುಳಿಯಿತು. ಆಮೇಲೆ ಕರುವಿನ ಬಾಯಿಯ ಪಕ್ಕ ಅಕ್ಷರಗಳು ಮೂಡಿದವು: 'ಅಮ್ಮ, ಕರೂಗೆ ಸೀಟು ಎಲ್ಲಿ?'

'ಸೀಟಿಲ್ಲ. ನಿಂತ್ಕೊಂಡೇ ಬರ್ಬೇಕು,' ಎಂದು ಮುನಿಲಕ್ಷ್ಮಿ ಬರೆದಳು.

'ನೀನೂ ನಿಂತ್ಕೊಂಡೇ ಬತ್ತೀಯಾ?'

'ಒಂದೊಂದು ದಿನ.'

 ಹಳದಿ ಚುಕ್ಕೆ ಕಿಟಕಿಯ ಪಕ್ಕ ಒಂದು ಸೀಟು ಬರೆಯತೊಡಗಿತು. ಎಕ್ಸ್‌ಪ್ರೆಸ್ ಹಾದುಹೋದದ್ದು ಮುನಿಲಕ್ಷ್ಮಿಗೆ ಗೊತ್ತೇ ಆಗಲಿಲ್ಲ.

ಕೊನೆಯ ಪುಟವನ್ನು ಕಲ್ಪನ ಮಾಡಿದ್ದಳು. ಕರು ಬೆಂಗಳೂರಿಗೆ ಬಂದು ಅಮ್ಮನ ಕಂಪನಿ ಸೇರುತ್ತದೆ. ಗಾಜಿನ ಕಟ್ಟಡ, ಅದರೊಳಗೆ ಸುತ್ತುವ ಕುರ್ಚಿಯ ಮೇಲೆ, ಕಂಪ್ಯೂಟರ್ ಮುಂದೆ, ಅಮ್ಮ. ಅದನ್ನು ಮುನಿಲಕ್ಷ್ಮಿ ರೈಲಿನಲ್ಲಿ ಕಲಾಗೆ ತೋರಿಸಿದಳು. 'ಕಂಪನಿಗೆ ಹೋಗ್ತೀನಿ' ಎಂಬುದರ ಹೊರತು ಅವಳು ಮಗಳಿಗೆ ಏನನ್ನೂ ಹೇಳಿರಲಿಲ್ಲ.

"ಇರ್ಲಿ ಬಿಡಕ್ಕಾ. ಕುರ್ಚಿ ಮೇಲೆ ಚೆನ್ನಾಗೇ ಕಾಣ್ತೀಯ," ಎಂದಳು ಕಲಾ.

ಬಿಡುವುದು ಸುಲಭವಿತ್ತು. ಸ್ಕೂಲಿನಲ್ಲಿ ಎಲ್ಲರೂ ನೋಡುವ ಕಥೆ. ಕುರ್ಚಿಯೇ ಮಗಳಿಗೂ ಮರ್ಯಾದೆ. ಆದರೆ ದಿನಾ ಎಲ್ಲಿ ನಿಲ್ಲುತ್ತೇನೆ, ಕೈ ಏನು ಮಾಡುತ್ತದೆ ಎಂಬುದೇ ಗೊತ್ತಿಲ್ಲದಿದ್ದರೆ ಮಗಳಿಗೆ ಗೊತ್ತಿರುವುದು ಯಾರನ್ನು? ಮುನಿಲಕ್ಷ್ಮಿ ಕುರ್ಚಿ ತೆಗೆದಳು. ಉದ್ದನೆಯ ಬೆಲ್ಟು ಬರೆದಳು, ಅದರ ಮೇಲೆ ಸಾಲಾಗಿ ಬರುವ ಔಷಧದ ಬಾಟಲಿಗಳನ್ನು ಬರೆದಳು, ತಲೆಗೆ ಟೋಪಿ ಹಾಕಿಕೊಂಡು ನಿಂತ ತನ್ನನ್ನೂ ಕಲಾಳನ್ನೂ ಬರೆದಳು.

ಮನೆಗೆ ಬರುತ್ತಿದ್ದಂತೆ ಕಲ್ಪನ ಕೇಳಿದಳು: "ಕುರ್ಚಿ ಯಾಕಮ್ಮ ತೆಗ್ದೆ?"

"ಅಲ್ಲಿ ಕುರ್ಚಿ ಇಲ್ಲ ಪಾಪಾ. ನಿಂತ್ಕೊಂಡೇ ಚೀಟಿ ಅಂಟಿಸ್ಬೇಕು."

"ದಿನಾ ಪೂರ್ತಿ?"

"ಊಟಕ್ಕೆ ಕೂತ್ಕೋತೀವಿ."

"ಕಾಲು ನೋಯಲ್ವಾ?"

"ನೋಯ್ತದೆ. ಕಲಾ ಆಂಟಿ ಏನಾದ್ರೂ ಅಂದು ನಗಿಸ್ತಾಳೆ, ಮರ್ತೋಗ್ತದೆ."

ಕಲ್ಪನ ಅಮ್ಮನ ಕಾಲನ್ನೇ ನೋಡಿದಳು. ಪಾದದ ಬದಿಯಲ್ಲಿ ಚರ್ಮ ದಪ್ಪಗಟ್ಟಿದ್ದನ್ನು ಬೆರಳಿನಿಂದ ಮುಟ್ಟಿದಳು. ಚೀಟಿ ಸೊಟ್ಟಗಾದರೆ ಯಾರು ಬೈತಾರೆ, ಬಾಟಲಿ ಬಿದ್ದರೆ ಏನು ಮಾಡ್ತಾರೆ, ಟೋಪಿಯೊಳಗೆ ಜಡೆ ಹೇಗೆ ಹಿಡಿಸುತ್ತದೆ ಎಂದು ಒಂದಾದಮೇಲೊಂದು ಕೇಳಿದಳು. ಕೊನೆಗೆ ಅವಳ ಮುಖದಲ್ಲಿ ತುಂಟತನ ಬಂತು.

"ಅಂಗಾದ್ರೆ ನಮ್ ಕರು ಬಾಟ್ಲಿನೆಲ್ಲ ಒದ್ದುಬಿಡ್ಲಾ?"

"ಒದೀಲಿ, ಒದೀಲಿ," ಎಂದು ಮುನಿಗಂಗಮ್ಮ ಅಡುಗೆಮನೆಯಿಂದಲೇ ಅಪ್ಪಣೆ ಕೊಟ್ಟಳು.

ಶನಿವಾರ ರಜೆ ಸಿಗುವುದು ಕಷ್ಟವಿತ್ತು. ಸೂಪರ್‌ವೈಸರ್ ಸೆಲ್ವರಾಜ್ ಮೊದಲು ಆಗಲ್ಲ ಎಂದರು. ಅವಳು ಫೋನು ತೆಗೆದು ಕೊನೆಯ ಪುಟವನ್ನು ತೋರಿಸಿದಳು. ಬಾಟಲಿಗಳು ಉರುಳುವುದನ್ನು ನೋಡಿ ಅವರು ಗಂಭೀರವಾಗಿರಲು ಪ್ರಯತ್ನಪಟ್ಟು ಸೋತರು. "ನಿನ್ ಜಾಗದಲ್ಲಿ ಕಲಾ ನಿಲ್ತಾಳಾ? ಹಂಗಾದ್ರೆ ಹೋಗಿ ಬಾರಮ್ಮ," ಎಂದರು.

ಸ್ಕೂಲಿನ ದೊಡ್ಡ ಕೋಣೆಯ ಗೋಡೆಗೆ ಬಿಳಿ ಪಂಚೆ ಕಟ್ಟಿದ್ದರು. ಮಕ್ಕಳು ನೆಲದ ಮೇಲೆ, ದೊಡ್ಡವರು ಹಿಂದೆ. ಸೀಮೆಕರುವಿನ ಸರದಿ ಬಂದಾಗ ರಾಗಿ ತೆನೆಗಳು ಬಾಗಿದವು, ಗಾಲಿಯ ಸದ್ದು ಕೋಣೆಯನ್ನು ತುಂಬಿತು, ಕಡಲೇಕಾಯಿಯವನ ಕೂಗಿಗೆ ಮಕ್ಕಳು ಹೋ ಎಂದರು. ಕಂಪನಿಯಲ್ಲಿ ಕರು ಬಾಟಲಿಗಳನ್ನು ಒದ್ದು ಚೆಲ್ಲಾಡಿತು. ಟೋಪಿ ಹಾಕಿದ ಹೆಂಗಸರೆಲ್ಲ ಅದನ್ನು ಹಿಡಿಯಲು ಓಡಿ, ಸುಸ್ತಾಗಿ, ಅದರ ಜೊತೆಗೇ ಕೂತು ಬುತ್ತಿ ಬಿಚ್ಚಿದರು. ಕೊನೆಯಲ್ಲಿ 'ಮಾಡಿದವರು: ಕಲ್ಪನ, ಮುನಿಲಕ್ಷ್ಮಿ' ಎಂದು ಮೂಡಿತು. ರೇಷನ್ ಕಾರ್ಡಿನಲ್ಲಿ, ಕಂಪನಿಯ ಐಡಿ ಕಾರ್ಡಿನಲ್ಲಿ ಮಾತ್ರ ನೋಡಿದ್ದ ತನ್ನ ಹೆಸರು ಅಷ್ಟು ದೊಡ್ಡದಾಗಿ ಮುಂದೆ ನಿಂತದ್ದನ್ನು ಮುನಿಲಕ್ಷ್ಮಿ ಕಣ್ಣು ಮಿಟುಕಿಸದೆ ನೋಡಿದಳು.

"ರೈಲ್ ಸೌಂಡು ನಿಜವಾದ್ದಾ?" ಎಂದು ಯಾರೋ ಕೇಳಿದರು.

"ನಿಜವಾದ್ದೇ. ನಮ್ಮಮ್ಮ ತಂದಿದ್ದು," ಎಂದಳು ಕಲ್ಪನ. "ಬಾಟ್ಲಿಗೆ ಚೀಟಿ ಅಂಟಿಸ್ತಾ ಇದಾರಲ್ಲ, ಅವ್ರೇ."

ಮುಗಿದ ಮೇಲೆ ಗಿರಿ ಮೇಷ್ಟ್ರು ಬಂದು, "ಇದನ್ನು ರೈಲಲ್ಲಿ ಹೋಗ್ತಾ ಬರ್ತಾ ಮಾಡಿದ್ರಂತಲ್ಲ! ಅದು ಹೇಗೆ ಅಂತ ಮಿಕ್ಕವರಿಗೂ ಸ್ವಲ್ಪ ಹೇಳ್ತೀರಾ?" ಎಂದರು.  ಮುನಿಲಕ್ಷ್ಮಿ ಭಾಷಣ ಮಾಡಲು ಬಾರದೆ, ಹತ್ತಿರ ಬಂದವರಿಗೆ ಗಡಿಯಾರದ ಗುರುತು ತೋರಿಸಿ, "ಅಳ್ಸೋದ್ರೆ ಇಲ್ಲಿ ಒತ್ತಿ, ಬತ್ತದೆ. ಎದ್ರುಕೋಬೇಡಿ," ಎಂದಷ್ಟೇ ಹೇಳಿದಳು. ಕೋಳಿ ಫಾರಂ ಕೆಲಸಕ್ಕೆ ಹೋಗುವ ವೆಂಕಟರತ್ನಮ್ಮ ಗುಂಪಿನಲ್ಲಿ ನುಗ್ಗಿ ಬಂದು ತನ್ನ ಫೋನನ್ನೇ ಅವಳ ಕೈಗಿಟ್ಟಳು. "ನಂಗೂ ಹಾಕ್ಕೊಡೇ. ನನ್ ಮಗ್ಳೂ ಮಾತಾಡ್ತಿಲ್ಲ."

ಸೋಮವಾರ ಬೆಳಿಗ್ಗೆ ಗಾಡಿ ಹತ್ತಿದಾಗ ಕಲಾ ಜಾಗ ಹಿಡಿದಿಟ್ಟಿದ್ದಳು. ಕೇಳುವ ಮೊದಲೇ ತನ್ನ ಫೋನನ್ನು ಮುಂದೆ ಹಿಡಿದಳು. ಪರದೆಯ ಮೇಲೆ ಬಿಳಿಯ ಗುಪ್ಪೆಯೊಂದಿತ್ತು, ಅದರ ಬುಡದಲ್ಲಿ ಪುಟ್ಟ ಹುಡುಗಿಯೊಬ್ಬಳು.

"ಏನಿದು, ಇಟ್ಟಿನ ರಾಶೀನಾ?"

"ಅಯ್ಯೋ ಅಕ್ಕಾ, ನಮ್ ಮನೆ ಹಿಂದಿನ ಸೈನೈಡ್ ದಿಬ್ಬ, ಚಿನ್ನ ತೆಗ್ದು ಮಿಕ್ಕಿದ್ ಗಣಿ ಮಣ್ಣು! ಚಿಕ್ಕೋಳಿದ್ದಾಗ ಅಪ್ಪಂಗೆ ಗೊತ್ತಾಗ್ದಂಗೆ ಅದ್ರ ಮೇಲಿಂದ ಜಾರ್ತಿದ್ವಿ. ಅದೇ ಕಥೆ. ನನ್ ಮಗಂಗೆ ಏಳುದ್ರೆ ನಂಬಲ್ಲ. ಜಾರ್ಸೋದು ಎಂಗೆ?"

ಮುನಿಲಕ್ಷ್ಮಿ ಚೀಲವನ್ನು ಕಾಲ ಕೆಳಗೆ ತಳ್ಳಿ, ಕಲಾಳ ಕಡೆ ವಾಲಿದಳು. "ಮೊದ್ಲು ಹುಡುಗೀನ ಮೇಲೆ ಇಡು. ಇಲ್ಲಿ ಒತ್ತು. ಈಗ ಕೆಳಕ್ಕೆ ಎಳಿ, ನಿಧಾನ."

ಎರಡು ಜಡೆಯ ಆ ಪುಟ್ಟ ಹುಡುಗಿ ದಿಬ್ಬದ ತುದಿಯಲ್ಲಿ ಒಮ್ಮೆ ಅಲುಗಾಡಿ, ಕೈ ಎತ್ತಿಕೊಂಡು ಜಾರತೊಡಗಿದಳು.