ಬಿಸಿಲುಂಡ ಕೆಂಪು

ಲೈಬ್ರರಿಯ ನೆಲವನ್ನು ಇಪ್ಪತ್ತೆರಡು ವರ್ಷ ಗುಡಿಸಿ ಒರೆಸಿದ ಅತ್ತೆಯ ಕೆಲಸಕ್ಕೆ ಯಾರೂ ಬೆರಳು ತೋರಿಸಿದ್ದಿಲ್ಲ. ಈ ಮಾತನ್ನು ಅವರು ಮನೆಯಲ್ಲಿ ಊಟಕ್ಕೆ ಮೊದಲು ಒಮ್ಮೆ, ಊಟವಾದ ಮೇಲೆ ಒಮ್ಮೆ, ಸೊಸೆ ಎದುರಿಗೆ ಸಿಕ್ಕಾಗಲೆಲ್ಲ ಒಮ್ಮೆ ಹೇಳುತ್ತಿದ್ದರು. ಅಂಥವರು ನಿವೃತ್ತಿಗೆ ಹತ್ತೇ ದಿನ ಉಳಿದಿರುವಾಗ, ಕಿಟಕಿಯ ಬೂಷ್ಟು ಒರೆಸಲು ಹೋಗಿ, ಓದುವ ಕೋಣೆಯ ಕೆಂಪು ಕಾರ್ಪೆಟ್ಟಿನ ಮೇಲೆ ಬ್ಲೀಚಿನ ಬಾಟಲಿ ಉರುಳಿಸಿಬಿಟ್ಟರು. ಒದ್ದೆ ಬಟ್ಟೆ ಹುಡುಕಿ ತರುವಷ್ಟರಲ್ಲಿ ಊಟದ ತಟ್ಟೆಯಷ್ಟು ಅಗಲಕ್ಕೆ ಕೆಂಪು ಹಾರಿಹೋಗಿ ಮಾಸಲು ಹಳದಿ ಉಳಿದಿತ್ತು.

ಅತ್ತೆ ಒಂದು ಮೇಜು ಎಳೆದು ಕಲೆ ಮುಚ್ಚಿ ಮನೆಗೆ ಬಂದರು. ಊಟ ಬೇಡವೆಂದರು. ಸೊಸೆ ಎರಡು ಸಲ ಕೇಳಿದ ಮೇಲೆ ಗೋಡೆ ನೋಡುತ್ತಾ ವಿಷಯ ಹೇಳಿದರು.

"ನಾಳೆ ರಜೆ. ಆದ್ರೂ ಸಂಜೆ ನಾಲ್ಕಕ್ಕೆ ನಮ್ಮ ಲೈಬ್ರರಿ ಸಾಹೇಬ್ರು ಕೋಣೆ ನೋಡೋಕೆ ಬರ್ತಾರೆ. ನನ್ನ ಕೊನೇ ಕಾಗದದಲ್ಲಿ 'ಅಜಾಗರೂಕತೆ' ಅಂತ ಬರೀತಾರೆ. ಇಪ್ಪತ್ತೆರಡು ವರ್ಷ ಮಣ್ಣುಪಾಲು."

ಸೊಸೆಯ ಕಸುಬೇ ಅದು. ಬಣ್ಣ ಹೋದ ಕಾರ್ಪೆಟ್ಟಿಗೆ ಬಣ್ಣ ಮರಳಿಸುವುದು. ಅಪ್ಪನಿಂದ ಕಲಿತಿದ್ದಳು, ಹೋಟೆಲಿನವರು, ಸಿನಿಮಾ ಮಂದಿರದವರು ಕರೆಯುತ್ತಿದ್ದರು. ಅವಳ ಉಗುರಿನ ಸಂದಿಯಲ್ಲಿ ಯಾವಾಗಲೂ ಯಾವುದೋ ಒಂದು ಬಣ್ಣ ಇದ್ದೇ ಇರುತ್ತಿತ್ತು. ಅತ್ತೆ ಅದಕ್ಕೆ ಮೂಗು ಮುರಿಯುತ್ತಿದ್ದರು. ನಲ್ಲಿಯ ಪಕ್ಕ ಅರ್ಧ ನಿಂಬೆಹಣ್ಣು ಇಟ್ಟು, ಅದರಿಂದ ಕೈ ಉಜ್ಜಿಕೊಂಡ ಮೇಲೇ ಅಡುಗೆಮನೆಗೆ ಬರಬೇಕೆಂದು ಕಟ್ಟಪ್ಪಣೆ ಮಾಡಿದ್ದರು. "ದಿನವೆಲ್ಲ ಮಂಡಿಯೂರಿ ಕೂರೋದು, ಅದೂ ಒಂದು ಕೆಲಸಾನಾ?" ಎನ್ನುತ್ತಿದ್ದರು. ತಾವೂ ಇಪ್ಪತ್ತೆರಡು ವರ್ಷ ಮಂಡಿಯೂರಿಯೇ ನೆಲ ಒರೆಸಿದ್ದೆಂದು ಅವರಿಗೆ ಹೇಳುವ ಎದೆಗಾರಿಕೆ ಮನೆಯಲ್ಲಿ ಯಾರಿಗಿತ್ತು?

"ಬೆಳಿಗ್ಗೆ ಬೀಗದ ಕೈ ತಗೊಳ್ಳಿ ಅತ್ತೆ, ಹೋಗೋಣ," ಎಂದಳು ಸೊಸೆ. ಒಳಗೊಳಗೇ ಅವಳಿಗೆ ಹಟ ಬಂದಿತ್ತು. ಈ ಕೈ ಏನು ಮಾಡುತ್ತದೆಂದು ಇವರೂ ಒಮ್ಮೆ ನೋಡಲಿ.

ಒಂಬತ್ತಕ್ಕೆ ಮೇಜು ಸರಿಸಿ ಕೂತಳು. ಮೊದಲ ಒಂದು ಗಂಟೆ ಬಣ್ಣದ ಡಬ್ಬಿ ತೆರೆಯಲೇ ಇಲ್ಲ. ಬ್ಲೀಚನ್ನು ಅಡಗಿಸುವ ನೀರು ಚಿಮುಕಿಸುವುದು, ಬಿಳಿ ಬಟ್ಟೆ ಒತ್ತಿ ಹೀರುವುದು, ಬಗ್ಗಿ ಮೂಸಿ ನೋಡುವುದು, ಮತ್ತೆ ಚಿಮುಕಿಸುವುದು. ಅತ್ತೆಗೆ ಜೀವ ತಡೆಯದಾಯಿತು.

"ಬೇಗ ಬಳಿದು ಮುಗಿಸೇ!"

"ಒಳಗೆ ಬ್ಲೀಚು ಉಳಿದ್ರೆ ನಾನು ಹಾಕೋ ಬಣ್ಣಾನೂ ತಿಂದುಬಿಡುತ್ತೆ ಅತ್ತೆ. ಅದೂ ಅಲ್ದೆ ಇದು ಬಳಿಯೋ ಕೆಲಸ ಅಲ್ಲ. ಬ್ಲೀಚು ಮೊದಲು ಈ ಕೆಂಪಿನೊಳಗೆ ಬೆರೆತಿದ್ದ ನೀಲಿ ತಿಂದಿದೆ, ಆಮೇಲೆ ಕೆಂಪು. ತಿಂದಿದ್ದಷ್ಟನ್ನೇ ವಾಪಸ್ ಕೊಡ್ಬೇಕು."

ಬಣ್ಣ ಹೊಂದಿಸಲು ಅಸಲಿ ಕೆಂಪು ಬೇಕಿತ್ತು. ಇಬ್ಬರೂ ಸೇರಿ ಪುಸ್ತಕದ ಒಂದು ಕಪಾಟನ್ನು ಗೇಣುದ್ದ ಜರುಗಿಸಿದರು. ಅದರಡಿಯ ಕಾರ್ಪೆಟ್ಟು ಹೊಸದರಂತೆ ಉಳಿದಿತ್ತು. ಸೊಸೆ ಅದನ್ನೇ ಕಣ್ಣಲ್ಲಿಟ್ಟುಕೊಂಡು ಹನಿ ಹನಿಯಾಗಿ ಕೆಂಪು, ಹನಿಯಲ್ಲಿ ಕಾಲು ಹನಿ ನೀಲಿ ಬೆರೆಸಿ, ಸಣ್ಣ ಕುಂಚದಿಂದ ಎಳೆ ಎಳೆಗೆ ಮುಟ್ಟಿಸಿದಳು. ಹನ್ನೆರಡೂವರೆಗೆ ಕಪಾಟಿನಡಿಯ ಬಣ್ಣಕ್ಕೂ ಇದಕ್ಕೂ ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ.

ಅಪ್ಪ ಹಾಕಿಕೊಟ್ಟ ಪದ್ಧತಿಯೊಂದಿತ್ತು. ಬಿಸಿ ಗಾಳಿ ಊದುವ ಯಂತ್ರ ಹಿಡಿದು ಬಣ್ಣ ಗಟ್ಟಿ ಮಾಡುವ ಮೊದಲು ಹೊರಗೆ ಹೋಗಿ ನೀರು ಕುಡಿಯಬೇಕು, ಬೇರೆ ಏನಾದರೂ ಮಾತಾಡಬೇಕು, ಆಮೇಲೆ ಮೊದಲ ಸಲ ಬಂದವರ ಹಾಗೆ ಬಾಗಿಲಲ್ಲಿ ನಿಂತು ನೋಡಬೇಕು. ಅತ್ತೆ ಸೊಸೆ ಮೆಟ್ಟಿಲ ಮೇಲೆ ಕೂತರು. ಮಾತಾಡಲು ಏನೂ ಸಿಗಲಿಲ್ಲ. ನೀರು ಕುಡಿದು ಒಳಗೆ ಬಂದರು.

"ಅಯ್ಯೋ, ಬಿಳಿ ಕಲೆ ಹೋಗಿ ಕರಿ ಕಲೆ ಬಂತಲ್ಲೇ!" ಎಂದರು ಅತ್ತೆ.

ಕೋಣೆಯ ನಡುವೆ ಕಡುಗೆಂಪಿನ ತಟ್ಟೆಯೊಂದು ಇಲ್ಲಿದ್ದೇನೆ ಎಂದು ಕೂಗುತ್ತಿತ್ತು. ತಪ್ಪು ಏನೆಂದು ಆ ಕ್ಷಣವೇ ಹೊಳೆದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಅಪ್ಪನ ಜೊತೆ ಅವಳು ಕೆಲಸ ಮಾಡಿದ್ದೆಲ್ಲ ಸಿನಿಮಾ ಮಂದಿರಗಳಲ್ಲಿ, ಹೋಟೆಲಿನ ಕಿಟಕಿಯಿಲ್ಲದ ಓಣಿಗಳಲ್ಲಿ. ಅಲ್ಲಿ ಸಾಮಾನಿನಡಿಯ ಬಣ್ಣವೂ ಹೊರಗಿನ ಬಣ್ಣವೂ ಒಂದೇ. ಇಲ್ಲಿ ಇಪ್ಪತ್ತು ವರ್ಷದ ಬಿಸಿಲು ಬಿದ್ದು ಹೊರಗಿನ ಕೆಂಪು ಮಾಸಿದೆ. ಯಾರೂ ನೋಡದ ಕೆಂಪನ್ನು ತಂದು ಎಲ್ಲರೂ ನೋಡುವ ಜಾಗದಲ್ಲಿ ಇಟ್ಟಿದ್ದಳು.

ಅತ್ತೆ ಕುರ್ಚಿಯಲ್ಲಿ ಕುಸಿದು ತಲೆ ಮೇಲೆ ಕೈ ಹೊತ್ತರು. "ಬಿಡು. ಮೇಜು ಎಳೆದು ಮುಚ್ಚಿಬಿಡೋಣ. ನನ್ನ ಹಣೇಲಿ ಬರೆದಿದ್ದು."

"ಮೇಜು ಮುಟ್ಬೇಡಿ. ಇನ್ನೂ ಬಿಸಿ ತಗುಲಿಲ್ಲ, ಬಣ್ಣ ಬಿಡುತ್ತೆ," ಎಂದು ಸೊಸೆ ಸೆರಗು ಸೊಂಟಕ್ಕೆ ಸಿಗಿಸಿದಳು. "ಬಿಸಿನೀರು ತನ್ನಿ."

ಸೋಪಿನ ಬಿಸಿನೀರು, ಬಿಳಿ ಬಟ್ಟೆ, ಒತ್ತು, ಹೀರು. ಒಂದೂವರೆ ಗಂಟೆ ತಲೆ ಎತ್ತಲಿಲ್ಲ. ಮಂಡಿ ಸೆಟೆದುಕೊಂಡಿತು, ಬೆರಳು ನೆಂದು ಸುಕ್ಕಾದವು. ಎರಡೂವರೆಗೆ ಹಳದಿ ಮತ್ತೆ ಕಂಡಿತು. ಈಗ ಸುತ್ತಲಿನ ಬಣ್ಣ ನೋಡಿದಳು. ಅದೂ ಒಂದೇ ಸಮನಾಗಿರಲಿಲ್ಲ. ಒಂದು ಕಡೆ ತೆಳು, ಒಂದು ಕಡೆ ಗಾಢ. ಯಾವುದಕ್ಕೆ ಹೊಂದಿಸುವುದು? ಎಲ್ಲಿ ಕೆಂಪು ತೆಳುವಾಗಬೇಕು?

"ಅತ್ತೆ, ಇಲ್ಲಿ ಬಿಸಿಲು ಹೇಗೆ ಬೀಳುತ್ತೆ?"

ಅತ್ತೆ ತಲೆ ಎತ್ತಿದರು. ಇದು ಅವರಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು? ಧೂಳು ಕಾಣುವುದೇ ಬಿಸಿಲಿನಲ್ಲಿ. ಎದ್ದು ಬಂದು, ಸೊಸೆಯ ಪಕ್ಕ ಮಂಡಿಯೂರಿದರು.

"ಬೆಳಿಗ್ಗೆ ಹನ್ನೊಂದಕ್ಕೆ ಇಲ್ಲಿಂದ ಶುರು. ಎರಡು ಗಂಟೆವರೆಗೂ ಈ ಕಡೆ ಸುಡುತ್ತೆ. ಕಿಟಕಿ ನಡುವೆ ಆ ಅಡ್ಡಪಟ್ಟಿ ಇದ್ಯಲ್ಲ, ಅದರ ನೆರಳು ಹೀಗೆ, ಇಷ್ಟಗಲ, ಓರೆಯಾಗಿ ಬೀಳುತ್ತೆ. ಆಚೆ ಮೂಲೆಗೆ ಬಿಸಿಲು ಹೋಗೋದೇ ಇಲ್ಲ." ಅವರ ಬೆರಳು ಆ ಹಳದಿ ತಟ್ಟೆಯ ಮೇಲೆ ಸರಿಯಾಗಿ ಗೆರೆ ಎಳೆಯಿತು.

ಸೊಸೆ ಮೂರು ಬಟ್ಟಲಿನಲ್ಲಿ ಮೂರು ಕೆಂಪು ಬೆರೆಸಿದಳು. ಬಿಸಿಲಿನದು, ನೆರಳಿನದು, ಎರಡರ ನಡುವಿನದು. ಅತ್ತೆ "ಇನ್ನೂ ತೆಳು, ಇನ್ನೂ ತೆಳು," ಎನ್ನುತ್ತಾ ಹೋದರು. ಸೊಸೆ ಮುಟ್ಟಿಸುತ್ತಾ ಹೋದಳು. ಮೂರೂಮುಕ್ಕಾಲಿಗೆ ಹೊರಗೆ ಹೋಗಿ ಬಂದು ಬಾಗಿಲಲ್ಲಿ ನಿಂತರು. ಈ ಸಲ ಕಣ್ಣಿಗೆ ಏನೂ ತಗುಲಲಿಲ್ಲ. ಸೊಸೆ ಬಿಸಿ ಗಾಳಿ ಹಿಡಿದು ಬಣ್ಣ ಗಟ್ಟಿ ಮಾಡಿದಳು. ಅತ್ತೆ ಎಳೆಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಎತ್ತಿ ನಿಲ್ಲಿಸಿದರು.

ನಾಲ್ಕಕ್ಕೆ ಸಾಹೇಬರು ಬಂದರು. ಕೈ ಹಿಂದೆ ಕಟ್ಟಿಕೊಂಡು ಕೋಣೆಯ ಉದ್ದಗಲ ನಡೆದರು. ಆ ಜಾಗದ ಮೇಲೇ ನಿಂತು ಕಿಟಕಿ ನೋಡಿದರು.

"ಕನ್ನಡಿ ಹಾಗಿಟ್ಟಿದ್ದೀರಮ್ಮ. ನಿಮ್ಮ ಕಾಗದದಲ್ಲಿ ಒಂದು ಕಪ್ಪುಚುಕ್ಕೆ ಇಲ್ಲದ ಹಾಗೆ ಬರೀತೀನಿ," ಎಂದರು ಸಾಹೇಬರು. ಆಮೇಲೆ ಮೂಲೆಯಲ್ಲಿ ನಿಂತಿದ್ದ ಸೊಸೆಯ ಕಡೆ ತಿರುಗಿ, "ಸಹಾಯಕ್ಕೆ ಬಂದ್ಯೇನಮ್ಮ? ಕೆಲಸ ಅಂದ್ರೆ ಏನು ಅಂತ ಇವರ ಹತ್ರ ಕಲಿ," ಎಂದರು.

ಸೊಸೆ "ಹೂಂ" ಎಂದು ತಲೆಯಾಡಿಸಿ, ಬಣ್ಣದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಅಷ್ಟೇ ಸಾಕಿತ್ತು. ಎಲ್ಲ ಮುಗಿದಿತ್ತು.

"ಇಲ್ಲ ಸಾಹೇಬ್ರೇ," ಎಂದರು ಅತ್ತೆ.

ಸೊಸೆ ಕಣ್ಣಲ್ಲೇ ಬೇಡವೆಂದಳು. ಅತ್ತೆ ಅತ್ತ ನೋಡಲೇ ಇಲ್ಲ.

"ನಿನ್ನೆ ನಾನು ಬ್ಲೀಚು ಚೆಲ್ಲಿದೆ. ದೊಡ್ಡ ಕಲೆ ಆಗಿತ್ತು. ಇವಳು ನನ್ನ ಸೊಸೆ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಇಲ್ಲದೆ ಕೂತು ಸರಿ ಮಾಡಿದ್ದಾಳೆ."

"ಕಲೆನಾ? ಎಲ್ಲಿ?"

"ಇಲ್ಲೇ," ಎಂದು ಅತ್ತೆ ಮುಂದೆ ಬಂದು ಬೆರಳು ಚಾಚಿದರು. ಬೆರಳು ನಿಂತಿತು. ಅತ್ತ ಸರಿಯಿತು, ಇತ್ತ ಸರಿಯಿತು. ಬಗ್ಗಿದರು, ಮಂಡಿಯೂರಿದರು, ಅಂಗೈಯಿಂದ ಸವರಿ ನೋಡಿದರು. ಇಡೀ ದಿನ ನೋಡಿದ ಜಾಗ ಅವರಿಗೇ ಸಿಗಲಿಲ್ಲ. ಸಾಹೇಬರು ನಗುತ್ತಾ, "ನಿಮಗೇ ಕಾಣದಿದ್ರೆ ನಾನೇನು ಬರೀಲಿ ಅಮ್ಮ?" ಎಂದರು.

ಅತ್ತೆ ಎದ್ದರು. ಸೊಸೆಯ ಹತ್ತಿರ ಬಂದು, ಸೆರಗಿನೊಳಗಿನ ಕೈಯನ್ನು ಹಿಡಿದೆಳೆದು, ಸುಕ್ಕಾದ ಕೆಂಪು ಬೆರಳುಗಳನ್ನು ಅರಳಿಸಿ ಸಾಹೇಬರ ಮುಂದೆ ಹಿಡಿದರು.

"ಇಲ್ಲಿದೆ ನೋಡಿ. ಚೆಲ್ಲಿದೋಳು ನಾನು ಅಂತ ಬರೀರಿ. ತೆಗೆದೋಳು ಇವಳು ಅಂತಾನೂ ಬರೀರಿ."

ಸಾಹೇಬರು ಜೇಬಿನಿಂದ ಪೆನ್ನು ತೆಗೆಯುವವರೆಗೂ ಅವರು ಆ ಕೈ ಬಿಡಲಿಲ್ಲ.