ಚೀಲದ ಬೇರು

ಗಾಳಿಗೆ ಕೊಂಬೆ ಆಡಬೇಕು, ಇಲ್ಲಿ ಗಿಡವೇ ಬುಡದಿಂದ ಆಡುತ್ತಿದೆ, ಬೀಳಲಿರುವ ಹಲ್ಲಿನ ಹಾಗೆ, ಇಲ್ಲಾ ಬಿಸಿಲಿಗೆ ಅವಳ ಕಣ್ಣೇ ಆಡುತ್ತಿದೆಯೋ — ಹಸಿರಂತೂ ಹೌದು, ಎಲೆ ಎಲೆಯೂ ಹಸಿರು, ಗಣಿ ಮುಚ್ಚಿ, ಗುಂಡಿ ತುಂಬಿ, ಮೇಲೆ ಮಣ್ಣು ಹೊದೆಸಿದ ನೆಲ, ಇಲ್ಲಿ ನೆಟ್ಟದ್ದು ನೆಲೆಯೂರಿದೆಯೋ ಇಲ್ಲವೋ ನೋಡಿ ಹೇಳಲು ಕಚೇರಿ ಅವಳನ್ನು ಕಳಿಸಿದೆ, ಹೂಂ ಅಂದರೆ ನೆಲ ಹಳೆಯ ಒಡೆಯರ ಕೈಗೆ ಹೋಗುತ್ತದೆ, ಗಣಿಯವರು ಕೈ ತೊಳೆದುಕೊಂಡು ನಡೆಯುತ್ತಾರೆ, ಊಹೂಂ ಅಂದರೆ ಮತ್ತೆ ಮಣ್ಣು, ಮತ್ತೆ ಸಸಿ, ಮತ್ತೆ ಮೂರು ವರ್ಷ, ಇಷ್ಟೇ ಕೆಲಸ. ಆ ಒಡೆಯರಲ್ಲಿ ದೊಡ್ಡಮ್ಮನೂ ಒಬ್ಬಳು, ಅದನ್ನವಳು ಕಚೇರಿಯಲ್ಲಿ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ, ತಾಯಿಯಿಲ್ಲದ ಕೂಸು ಇವಳು ಸೊಂಟದ ಮೇಲೆ, ಸಿಂಬೆ ತಲೆಯ ಮೇಲೆ, ಸಿಂಬೆಯ ಮೇಲೆ ತುಂಬಿದ ಕೊಡ, ಹೀಗೇ ಬಾವಿಯಿಂದ ಬರುತ್ತಿದ್ದ ದೊಡ್ಡಮ್ಮ, ಸೊಂಟದಲ್ಲಿ ಕೂತು ಕತ್ತೆತ್ತಿದರೆ ಕಾಣುತ್ತಿದ್ದದ್ದು ಆ ಸಿಂಬೆಯೇ, ಹಳೆ ಸೀರೆಯ ತುಂಡನ್ನು ಸುತ್ತಿ ಸುತ್ತಿ ಮಾಡಿದ್ದು — ಬಾವಿ ಎಲ್ಲಿತ್ತು, ಬಂಡೆಯ ಎಡಕ್ಕಿತ್ತಲ್ಲ, ಬಂಡೆ ಎಲ್ಲಿ, ಅಡಿಯದು ಮೇಲೆ ಬಂದು ಮೇಲಿನದು ಅಡಿಗೆ ಹೋದ ಮೇಲೆ ಎಡ ಯಾವುದು, ಬಾವಿಯ ನೆತ್ತಿಯ ಮೇಲೇ ನಿಂತಿದ್ದಾಳೋ ಏನೋ. ಏನ್ ಮೇಡಂ, ಮೂಗುತಿ ಬಿದ್ದೋಯ್ತಾ, ಹಾಗೆ ಹುಡುಕ್ತಿದ್ದೀರಿ, ಅಂತ ಕೆಳಗಿನಿಂದ ಕೂಗುವವನು ಗಣಿಯವರ ಮೇಸ್ತ್ರಿ, ಕೊರಳಲ್ಲಿ ಸದಾ ಸೀಟಿ, ಕೂಲಿ ಹೆಂಗಸರ ಬಾಯಲ್ಲಿ ಸೀಟಿಯಪ್ಪ, ಹಸಿವಾದರೆ ಮನೆಯಲ್ಲೂ ಊದುತ್ತಾನಂತೆ. ಅವಳು ಕುಕ್ಕರುಗಾಲಲ್ಲಿ ಕೂತು ಒಂದು ಗಿಡದ ಬುಡ ಹಿಡಿದಳು, ಎಳೆಯಲಿಲ್ಲ, ಹಿಡಿದಳು ಅಷ್ಟೇ, ಬಂದೇಬಿಟ್ಟಿತು, ಸಸಿತೋಟದ ಕಪ್ಪು ಪ್ಲಾಸ್ಟಿಕ್ ಚೀಲದ ಸಮೇತ, ಪಕ್ಕದ್ದೂ ಬಂತು, ಅದರಾಚೆಯದೂ ಬಂತು, ಮೂರು ವರ್ಷ ನಿಂತ ಗಿಡ ಅಂಗಡಿಯಿಂದ ತಂದ ಹಾಗೆ ಕೈಯಲ್ಲಿ.

ಕಿತ್ತೆಯಾ, ಅಂದಳು ದೊಡ್ಡಮ್ಮ, ನೆಡುವ ಹೆಂಗಸರ ಗುಂಪಿಗೆ ಇವಳೇ ಮುಂದಾಳು, ಯಾವಾಗ ಬಂದು ನಿಂತಳೋ, ತಲೆಯ ಮೇಲೆ ಇವತ್ತೂ ಕೊಡ, ಸಿಕ್ಕಿಬಿದ್ದವಳ ದನಿಯಲ್ಲ, ಬಾಗಿಲು ಹಾಕಿದೆಯಾ ಅಂತ ಕೇಳುವ ದನಿ, ಕೊಡ ಇಳಿಸಿ ಕೆಮ್ಮು ಮುಗಿಯುವ ತನಕ ಕಾದು ಹೇಳಿದಳು, ಮೊದಲ್ನೇ ಸಲ ಚೀಲ ಹರಿದೇ ನೆಟ್ಟಿದ್ವಿ ಕಣೇ, ಒಂದೂ ಉಳೀಲಿಲ್ಲ, ಈ ಮಣ್ಣಲ್ಲಿ ಜೀವ ಎಲ್ಲಿದೆ, ಚೀಲದ ಮಣ್ಣಲ್ಲಾದ್ರೂ ಬದುಕ್ಲಿ ಅಂತ ಹಾಗೇ ಇಟ್ಟೆ, ನೀನು ಹೂಂ ಅನ್ನು, ನೆಲ ಕೈಗೆ ಬರ್ಲಿ, ಆಮೇಲೆ ಒಂದೊಂದೇ ಚೀಲ ನಾನೇ ಸೀಳ್ತೀನಿ, ಇನ್ನೂ ಮೂರು ವರ್ಷ ಅಂದ್ರೆ ಸಸಿ ಬದಲು ನನ್ನೇ ನೆಡಬೇಕಾಗುತ್ತೆ. ನಗಬೇಕೋ ಏನು ಮಾಡಬೇಕೋ — ಹೂಂ ಅಂದರೆ ಗಣಿಯವರ ನೀರಿನ ಲಾರಿ ಮಾರನೆಯ ದಿನವೇ ನಿಲ್ಲುತ್ತದೆ, ಮುಂದಿನ ಬೇಸಿಗೆಗೆ ದೊಡ್ಡಮ್ಮನ ಕೈಗೆ ಬರುವುದು ಕಡ್ಡಿ ಚುಚ್ಚಿದ ಬೂದಿ, ಊಹೂಂ ಅಂದರೆ ಆ ಕೆಮ್ಮು ಮೂರು ವರ್ಷ ಕಾಯುತ್ತದೆಯೇ, ಹಸಿರಾಗಿರುವುದೇ ಬದುಕುವುದಾದರೆ ಇವು ಬದುಕಿಯೇ ಇವೆಯಲ್ಲ, ಗಣಿಯವರು ಕೊಟ್ಟ ಕಾಲೊನಿ ಮನೆಯಲ್ಲಿ ದೊಡ್ಡಮ್ಮನೂ ಬದುಕಿಲ್ಲವೇ, ಪಾತ್ರೆಗಳು ಇನ್ನೂ ಗೋಣಿಯಲ್ಲೇ ಇವೆ, ಬಿಚ್ಚು ಅಂದರೆ ಇವತ್ತೋ ನಾಳೆಯೋ ಹೊರಡೋಳಿಗೆ ಯಾಕೆ ಅನ್ನುತ್ತಾಳೆ, ಆಮೇಲೆ ಸೀಳಿದರೆ ಸಾಕೇ, ಸಾಕಾಗಬಹುದು, ದೊಡ್ಡಮ್ಮ ಹೇಳುವುದು ಸರಿಯಿರಬಹುದು, ಅವಳು ಚಾಕು ತೆಗೆದಳು, ನೋಡೇಬಿಡೋಣ ದೊಡ್ಡಮ್ಮ, ಚೀಲವನ್ನು ಮೇಲಿಂದ ಕೆಳಗೆ ಸೀಳಿದಳು, ಮಣ್ಣು ಪುಡಿಯಾಗಿ ಉದುರಿತು, ಬೇರು ಉದುರಲಿಲ್ಲ, ದಾರಿ ಹುಡುಕಿ ಹುಡುಕಿ ತನ್ನನ್ನೇ ಸುತ್ತಿಕೊಂಡ ಬೇರು, ಚೀಲವಿಲ್ಲದಿದ್ದರೂ ಚೀಲದ ಆಕಾರ, ದೊಡ್ಡಮ್ಮ ಒಂದೆಳೆಯನ್ನು ಉಗುರಲ್ಲಿ ಮೆಲ್ಲಗೆ ಎಳೆದು ನೆಟ್ಟಗೆ ಮಾಡಿ ಬಿಟ್ಟಳು, ಅದು ಮತ್ತೆ ಸುರುಳಿಯಾಯಿತು, ಮತ್ತೆ ಎಳೆದಳು, ಮತ್ತೆ ಸುರುಳಿ. ಬಿಡಿಸಿದ್ರೂ ಬಿಡ್ತಿಲ್ವಲ್ಲೇ, ಅಂದಳು. ಕೆಳಗೆ ಸೀಟಿ ಕೂಗಿತು, ಪಾಸಾ ಮೇಡಂ, ಅವಳ ತಲೆ ಅಡ್ಡಡ್ಡ ಆಡಿತು, ತಾನೇ ಆಡಿಸಿದಳೋ ಅದೇ ಆಡಿತೋ, ದೊಡ್ಡಮ್ಮ ಮುಖವೆತ್ತಿ ನೋಡಲಿಲ್ಲ, ತಲೆಯಿಂದ ಸಿಂಬೆ ತೆಗೆದು ಬೇರಿನ ಪಕ್ಕಕ್ಕಿಟ್ಟಳು, ಬಟ್ಟೆ ತಾನೇ, ಬಿಚ್ಚಿಕೊಳ್ಳಬೇಕಿತ್ತು, ಬಿಚ್ಚಿಕೊಳ್ಳಲಿಲ್ಲ, ಕೊಡವಿಲ್ಲ, ತಲೆಯಿಲ್ಲ, ಸುತ್ತು, ಸುತ್ತಿನೊಳಗೆ ಸುತ್ತು, ಸಿಂಬೆ